ಪ್ಯೂರಿಟನ್ ವಸಾಹತು ಕಾವ್ಯದಲ್ಲಿ ಪ್ರೀತಿ ಮತ್ತು ಶೋಕ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಯೂರಿಟನ್ ವಸಾಹತು ಕಾವ್ಯ ಎಂದರೆ ಯಾವುದು?

ಇಂಗ್ಲೆಂಡಿನ ಅಧಿಕೃತ ಚರ್ಚು ಇನ್ನೂ ಸಾಕಷ್ಟು ಶುದ್ಧಗೊಂಡಿಲ್ಲವೆಂದು ನಂಬಿದ್ದ ಪ್ರಾಟೆಸ್ಟೆಂಟ್ ಸುಧಾರಕರನ್ನು ಪ್ಯೂರಿಟನ್ನರು ಎನ್ನುತ್ತಾರೆ. ಹದಿನೇಳನೆಯ ಶತಮಾನದ ಪೂರ್ವಾರ್ಧದಲ್ಲಿ ಅವರಲ್ಲಿ ಸಾವಿರಾರು ಮಂದಿ ಅಟ್ಲಾಂಟಿಕ್ ಸಾಗರ ದಾಟಿ, ಈಗಿನ ಅಮೆರಿಕದ ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ಮುಂತಾದ ಕಡೆ ನೆಲೆಸಿದರು. ಆ ಸೀಮೆಗೆ ನ್ಯೂ ಇಂಗ್ಲೆಂಡ್ ಎಂದು ಹೆಸರು. ಅಲ್ಲಿ ಸುಮಾರು ನೂರು ವರ್ಷಗಳ ಅವಧಿಯಲ್ಲಿ ಅವರು ಬರೆದ ಪದ್ಯಗಳೇ ಪ್ಯೂರಿಟನ್ ವಸಾಹತು ಕಾವ್ಯ. ಆ ವಸಾಹತುಗಳಲ್ಲಿ ಅಚ್ಚಾದ ಮೊದಲ ಪುಸ್ತಕವೇ ಪದ್ಯರೂಪದ್ದು: ಬೈಬಲಿನ ಕೀರ್ತನೆಗಳನ್ನು ಹಾಡಲು ಬರುವಂತೆ ಛಂದಸ್ಸಿಗೆ ಅಳವಡಿಸಿದ ಆ ಸಂಗ್ರಹವು 1640ರಲ್ಲಿ ಮ್ಯಾಸಚೂಸೆಟ್ಸಿನ ಕೇಂಬ್ರಿಜ್ ಊರಿನಲ್ಲಿ ಮುದ್ರಣಗೊಂಡಿತು. ಇಲ್ಲಿನ ಉತ್ತರಗಳು ಮುಖ್ಯವಾಗಿ ಆನ್ ಬ್ರಾಡ್‌ಸ್ಟ್ರೀಟ್ ಮತ್ತು ಎಡ್ವರ್ಡ್ ಟೇಲರ್ ಎಂಬ ಇಬ್ಬರು ಕವಿಗಳನ್ನು ಕುರಿತವು. ಉಳಿದವರ ಪ್ರಸ್ತಾಪ ಅಗತ್ಯವಿದ್ದಲ್ಲಿ ಮಾತ್ರ ಬರುತ್ತದೆ.

ಪ್ಯೂರಿಟನ್ನರು ಪ್ರೀತಿಯನ್ನೂ ಭಾವನೆಗಳನ್ನೂ ಪಾಪವೆಂದು ಕಾಣುತ್ತಿರಲಿಲ್ಲವೇ?

ಕಾಣುತ್ತಿರಲಿಲ್ಲ. ಕಪ್ಪು ಬಟ್ಟೆ, ಗಂಟಿಕ್ಕಿದ ಮುಖ, ಕಲ್ಲೆದೆ ಎಂಬ ಚಿತ್ರವು ಬಹುಮಟ್ಟಿಗೆ ನಂತರದ ತಲೆಮಾರುಗಳು ಕಟ್ಟಿಕೊಂಡದ್ದು. ವಸಾಹತಿನ ಮೊದಲ ನಾಯಕರಾದ ಜಾನ್ ವಿಂತ್ರಾಪ್ 1630ರಲ್ಲಿ ತಮ್ಮ ಜೊತೆಗಾರರಿಗೆ ಮಾಡಿದ ಪ್ರಸಿದ್ಧ ಉಪದೇಶದ ವಿಷಯವೇ ಪ್ರೀತಿ. ದೇಹದ ಅಂಗಗಳನ್ನು ಸ್ನಾಯುಬಂಧಗಳು ಹಿಡಿದಿಡುವಂತೆ ಸಮುದಾಯವನ್ನು ಪ್ರೀತಿಯು ಹಿಡಿದಿಡಬೇಕೆಂಬುದು ಅದರ ವಾದ. ಅದೇ ವಿಂತ್ರಾಪ್ ತಮ್ಮ ಪತ್ನಿ ಮಾರ್ಗರೆಟ್‌ಗೆ ಬರೆದ ಪತ್ರಗಳು ಇಂದಿಗೂ ಓದುಗರ ಮನಸ್ಸನ್ನು ಕರಗಿಸುತ್ತವೆ. ಬ್ರಹ್ಮಚರ್ಯವು ಸಂಸಾರಕ್ಕಿಂತ ಮೇಲು ಎಂಬ ಹಳೆಯ ಕ್ಯಾಥೊಲಿಕ್ ಚರ್ಚಿನ ನಿಲುವನ್ನು ಪ್ಯೂರಿಟನ್ನರು ತಿರಸ್ಕರಿಸಿದ್ದರು. ನ್ಯೂ ಇಂಗ್ಲೆಂಡಿನಲ್ಲಿ ಹದಿನೇಳನೆಯ ಶತಮಾನದ ಬಹುಕಾಲ ಮದುವೆಯನ್ನು ನಡೆಸಿಕೊಡುತ್ತಿದ್ದವರು ಪಾದ್ರಿಗಳಲ್ಲ, ಸರ್ಕಾರದ ನ್ಯಾಯಾಧಿಕಾರಿಗಳು. ಮದುವೆ ಅವರಿಗೆ ಸಂಸ್ಕಾರವಾಗಿರಲಿಲ್ಲ, ಒಡಂಬಡಿಕೆಯಾಗಿತ್ತು. ಆ ಒಡಂಬಡಿಕೆಯಲ್ಲಿ ಗಂಡಹೆಂಡಿರು ಪರಸ್ಪರ ಪ್ರೀತಿಸುವುದು ಇಷ್ಟಾನಿಷ್ಟದ ವಿಷಯವಲ್ಲ, ಕರ್ತವ್ಯ.

ಹಾಗಾದರೆ ಈ ಕಾವ್ಯದಲ್ಲಿ ಕಾಣುವ ತಳಮಳ ಎಲ್ಲಿಂದ ಬರುತ್ತದೆ?

ಪ್ರೀತಿಯ ಪ್ರಮಾಣದಿಂದ. ಪ್ರೀತಿಸಬಹುದೇ ಎಂಬುದು ಪ್ಯೂರಿಟನ್ ಕವಿಯ ಪ್ರಶ್ನೆಯಲ್ಲ. ಎಷ್ಟು ಪ್ರೀತಿಸಬಹುದು, ಯಾರನ್ನು ಯಾರಿಗಿಂತ ಹೆಚ್ಚು ಪ್ರೀತಿಸಬಹುದು ಎಂಬುದು ಪ್ರಶ್ನೆ. ಗಂಡ, ಹೆಂಡತಿ, ಮಗು, ಮನೆ ಎಲ್ಲವೂ ದೇವರು ಕೆಲಕಾಲಕ್ಕೆ ಕೊಟ್ಟ ಕಡ. ಕಡ ಕೊಟ್ಟವನು ಕೇಳಿದಾಗ ಗೊಣಗದೆ ಹಿಂದಿರುಗಿಸಬೇಕು. ಎದೆಹಾಲು ಬಿಡಿಸಿಕೊಂಡ ಮಗುವಿನಂತೆ ಮನಸ್ಸು ಲೋಕದಿಂದ ಮೆಲ್ಲಗೆ ಬಿಡಿಸಿಕೊಂಡಿರಬೇಕು ಎಂದು ಅವರ ಬೋಧಕರು ಹೇಳುತ್ತಿದ್ದರು. ಸೃಷ್ಟಿಯನ್ನು ಸೃಷ್ಟಿಕರ್ತನಿಗಿಂತ ಹೆಚ್ಚು ಪ್ರೀತಿಸಿದರೆ ಅದು ವಿಗ್ರಹಾರಾಧನೆಗೆ ಸಮ.

ಟೇಲರ್ 1674ರಲ್ಲಿ, ತಾವು ಮದುವೆಯಾಗಲಿದ್ದ ಎಲಿಜಬೆತ್ ಫಿಚ್ ಎಂಬ ಯುವತಿಗೆ ಬರೆದ ಪತ್ರದಲ್ಲಿ ಈ ಎರಡೂ ತುದಿಗಳು ಒಟ್ಟಿಗೇ ಇವೆ. ತಮ್ಮ ಪ್ರೀತಿಯು ಎದೆಯಲ್ಲಿ ಉರುಳಾಡುವ ಅಪ್ಪಟ ಬೆಂಕಿಯ ಹೊನ್ನಿನ ಚೆಂಡು ಎಂದು ಅವರು ಬರೆಯುತ್ತಾರೆ. ದಾಂಪತ್ಯದ ಪ್ರೀತಿ ಲೋಕದ ಉಳಿದೆಲ್ಲ ಪ್ರೀತಿಗಳನ್ನು ಮೀರಬೇಕೆನ್ನುತ್ತಾರೆ. ಅದರ ಬೆನ್ನಿಗೇ, ಅದಕ್ಕೂ ಒಂದು ಎಲ್ಲೆ ಇರಬೇಕು, ಅದು ದೇವರ ಮಹಿಮೆಗೆ ಅಧೀನವಾಗಿರಬೇಕು ಎಂದೂ ಸೇರಿಸುತ್ತಾರೆ. ಪ್ರೇಮಪತ್ರದಲ್ಲಿ ಇಂಥ ಎಚ್ಚರಿಕೆ ಇಂದಿನ ಓದುಗರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಇದನ್ನು ಬೂಟಾಟಿಕೆ ಎಂದು ತಳ್ಳಿಹಾಕಿದರೆ ಈ ಕಾವ್ಯದ ಬಾಗಿಲೇ ತೆರೆಯುವುದಿಲ್ಲ. ಎರಡು ಮಾತುಗಳನ್ನೂ ಅವರು ಮನಸಾರೆ ಹೇಳಿದ್ದಾರೆ.

ಆನ್ ಬ್ರಾಡ್‌ಸ್ಟ್ರೀಟ್ ಯಾರು?

ಸುಮಾರು 1612ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. ತಂದೆ ಥಾಮಸ್ ಡಡ್ಲಿ ಲಿಂಕನ್ ಪ್ರಭುವಿನ ಆಸ್ತಿಪಾಸ್ತಿಯ ಮೇಲ್ವಿಚಾರಕರಾಗಿದ್ದುದರಿಂದ ಆ ಕಾಲದ ಹೆಣ್ಣುಮಕ್ಕಳಿಗೆ ಅಪರೂಪವಾಗಿದ್ದ ಓದು ಆಕೆಗೆ ದೊರೆಯಿತು. ಹದಿನಾರರ ಆಸುಪಾಸಿನಲ್ಲಿ ಸೈಮನ್ ಬ್ರಾಡ್‌ಸ್ಟ್ರೀಟ್ ಅವರೊಂದಿಗೆ ಮದುವೆಯಾಯಿತು. 1630ರಲ್ಲಿ ತಂದೆತಾಯಿ ಮತ್ತು ಗಂಡನ ಜೊತೆ ಅರ್ಬೆಲ್ಲಾ ಎಂಬ ಹಡಗಿನಲ್ಲಿ ಮ್ಯಾಸಚೂಸೆಟ್ಸಿಗೆ ಬಂದಿಳಿದರು. ಹೊಸ ಲೋಕವನ್ನೂ ಅಲ್ಲಿನ ರೀತಿನೀತಿಗಳನ್ನೂ ಕಂಡು ತಮ್ಮ ಮನಸ್ಸು ತಿರುಗಿಬಿದ್ದಿತೆಂದೂ, ಇದು ದೇವರ ದಾರಿಯೆಂದು ಮನವರಿಕೆಯಾದ ಮೇಲೆ ತಲೆಬಾಗಿದೆನೆಂದೂ ಮುಂದೆ ಮಕ್ಕಳಿಗೆ ಬರೆದ ಪತ್ರದಲ್ಲಿ ಆಕೆ ಹೇಳಿಕೊಂಡಿದ್ದಾರೆ. ಬಹುಕಾಲ ಮಕ್ಕಳಾಗದಿದ್ದುದು ದೊಡ್ಡ ದುಃಖವಾಗಿತ್ತೆಂದೂ ಅದೇ ಪತ್ರದಲ್ಲಿದೆ. ಅನಂತರ ಎಂಟು ಮಕ್ಕಳಾದರು. ಇಪ್ಸ್‌ವಿಚ್‌ನಲ್ಲಿಯೂ ಆಮೇಲೆ ಆಂಡೋವರ್‌ನಲ್ಲಿಯೂ ಸಂಸಾರ ನಡೆಸಿದರು, 1672ರಲ್ಲಿ ತೀರಿಕೊಂಡರು. ತಂದೆ ಮತ್ತು ಗಂಡ ಇಬ್ಬರೂ ಬೇರೆ ಬೇರೆ ಕಾಲಕ್ಕೆ ವಸಾಹತಿನ ಗವರ್ನರ್ ಆದವರು.

1650ರಲ್ಲಿ ಆಕೆಯ ಪದ್ಯಗಳ ಹಸ್ತಪ್ರತಿಯನ್ನು ತಂಗಿಯ ಗಂಡ ಜಾನ್ ವುಡ್‌ಬ್ರಿಜ್ ಲಂಡನ್ನಿನಲ್ಲಿ ಪುಸ್ತಕವಾಗಿ ಹೊರತಂದರು. ಇದಕ್ಕೆ ಕವಿಯ ಒಪ್ಪಿಗೆ ಇರಲಿಲ್ಲವೆಂದು ಮುನ್ನುಡಿಯೇ ಹೇಳುತ್ತದೆ. ಆ ಸಂಪುಟದಲ್ಲಿ ಚತುರ್ಭೂತಗಳು, ಪುರಾತನ ಸಾಮ್ರಾಜ್ಯಗಳು ಇಂಥ ಪಾಂಡಿತ್ಯದ ದೀರ್ಘ ಪದ್ಯಗಳಿವೆ. ಇಂದು ನಾವು ಪ್ರೀತಿಯಿಂದ ಓದುವ ಗಂಡ, ಮಕ್ಕಳು, ಮೊಮ್ಮಕ್ಕಳನ್ನು ಕುರಿತ ಕವಿತೆಗಳು ಅದರಲ್ಲಿಲ್ಲ.

ಗಂಡನನ್ನು ಕುರಿತ ಆಕೆಯ ಪ್ರಸಿದ್ಧ ಕವಿತೆ ಧಾರ್ಮಿಕವೋ ಲೌಕಿಕವೋ?

ಹನ್ನೆರಡೇ ಸಾಲುಗಳ ಆ ಕವಿತೆ ಎರಡನ್ನೂ ಬೇರ್ಪಡಿಸುವುದಿಲ್ಲ. ಇಬ್ಬರು ಒಂದಾದದ್ದು ಎಲ್ಲಿಯಾದರೂ ಉಂಟಾದರೆ ಅದು ನಾವೇ ಎಂದು ಅದು ಆರಂಭವಾಗುತ್ತದೆ. ಗಂಡನ ಪ್ರೀತಿಯನ್ನು ಚಿನ್ನದ ಗಣಿಗಳಿಗಿಂತ, ಪೂರ್ವದೇಶಗಳ ಸಕಲ ಸಂಪತ್ತಿಗಿಂತ ಮಿಗಿಲೆನ್ನುತ್ತದೆ. ತನ್ನ ಪ್ರೀತಿಯ ದಾಹವನ್ನು ನದಿಗಳು ತಣಿಸಲಾರವು ಎನ್ನುತ್ತದೆ. ಈ ಕೊನೆಯ ಮಾತು ಬೈಬಲಿನಲ್ಲಿರುವ ಪ್ರೇಮಕಾವ್ಯವಾದ ಪರಮಗೀತೆಯನ್ನು ನೆನಪಿಸುತ್ತದೆ, ಮತ್ತು ಅದನ್ನು ಓದಿದ್ದ ಯಾವ ಪ್ಯೂರಿಟನ್ನನಿಗೂ ಆ ಪ್ರತಿಧ್ವನಿ ಕೇಳಿಸದೆ ಇರುತ್ತಿರಲಿಲ್ಲ. ಗಂಡನ ಪ್ರೀತಿಯ ಋಣವನ್ನು ತಾನು ತೀರಿಸಲಾರೆ, ಸ್ವರ್ಗವೇ ಹಲವು ಪಟ್ಟು ಪ್ರತಿಫಲ ಕೊಡಲಿ ಎಂಬ ಪ್ರಾರ್ಥನೆ ನಂತರ ಬರುತ್ತದೆ. ಬದುಕಿರುವಷ್ಟು ಕಾಲ ಪ್ರೀತಿಯಲ್ಲಿ ದೃಢವಾಗಿ ನಿಲ್ಲೋಣ, ಆಗ ನಾವು ಇಲ್ಲವಾದ ಮೇಲೂ ಎಂದೆಂದಿಗೂ ಬಾಳುತ್ತೇವೆ ಎಂಬುದು ಮುಕ್ತಾಯ.

ಈ ಮುಕ್ತಾಯ ನಾನು ಅತ್ಯಂತ ಗೌರವದಿಂದ ಓದುವ ಸಾಲುಗಳಲ್ಲಿ ಒಂದು. ಮೋಕ್ಷಕ್ಕಾಗಿ ದೇವರಿಂದ ಮೊದಲೇ ಆಯ್ಕೆಯಾದವರು ಕೊನೆಯವರೆಗೂ ನಂಬಿಕೆಯಲ್ಲಿ ಸ್ಥಿರವಾಗಿ ನಿಲ್ಲುತ್ತಾರೆ ಎಂಬುದು ಪ್ಯೂರಿಟನ್ನರು ಅನುಸರಿಸುತ್ತಿದ್ದ ಕ್ಯಾಲ್ವಿನ್ ಮತದ ಮುಖ್ಯ ಸಿದ್ಧಾಂತಗಳಲ್ಲಿ ಒಂದು. ಆ ಸ್ಥೈರ್ಯವನ್ನು ಬ್ರಾಡ್‌ಸ್ಟ್ರೀಟ್ ದಾಂಪತ್ಯಕ್ಕೆ ಹೊರಿಸುತ್ತಾರೆ. ಇಬ್ಬರೂ ಪ್ರೀತಿಯಲ್ಲಿ ನಿಂತರೆ ಅದರಿಂದಲೇ ಮೋಕ್ಷ ದೊರೆಯುತ್ತದೆಂಬ ಅರ್ಥ ಸಾಲಿಗೆ ಬಂದರೆ ಅದು ಮತಧರ್ಮಕ್ಕೆ ಒಗ್ಗುವುದಿಲ್ಲ. ಅಂಥ ನಿಲುವು ಅವರಿಬ್ಬರ ಆಯ್ಕೆಯ ಗುರುತಾಗಲಿ ಎಂದು ಅರ್ಥ ಮಾಡಿದರೆ ಪೂರ್ಣವಾಗಿ ಒಗ್ಗುತ್ತದೆ. ಕವಿತೆ ಎರಡು ಓದಿಗೂ ಎಡೆಮಾಡಿಕೊಟ್ಟು ನಿಲ್ಲುತ್ತದೆ.

ಈ ಕಾವ್ಯದಲ್ಲಿ ದೇಹದ ಬಯಕೆಗೆ ಸ್ಥಳವಿದೆಯೇ?

ಇದೆ, ಮರೆಮಾಚದೆ ಇದೆ. ಸೈಮನ್ ಸರ್ಕಾರಿ ಕೆಲಸಗಳಿಗಾಗಿ ಮೇಲಿಂದ ಮೇಲೆ ಮನೆಯಿಂದ ದೂರವಿರುತ್ತಿದ್ದರು. ಅಂಥ ಅಗಲಿಕೆಯಲ್ಲಿ ಬರೆದ ಪದ್ಯಪತ್ರವೊಂದರಲ್ಲಿ ಬ್ರಾಡ್‌ಸ್ಟ್ರೀಟ್, ನಾವಿಬ್ಬರೂ ಒಂದೇ ಆಗಿದ್ದರೆ ನಾನು ಇಪ್ಸ್‌ವಿಚ್‌ನಲ್ಲಿ ಮಲಗಿರುವಾಗ ನೀನು ಅಲ್ಲಿ ಹೇಗೆ ಇರುತ್ತೀ ಎಂದು ನೇರವಾಗಿ ಕೇಳುತ್ತಾರೆ. ಗಂಡನೇ ಆಕೆಯ ಸೂರ್ಯ. ಸೂರ್ಯ ಮಕರ ರಾಶಿಗೆ ಹೋಗಿದ್ದಾನೆ, ಚಳಿಗಾಲ ಬಂದಿದೆ, ಮೈ ಮರಗಟ್ಟಿದೆ. ಅವನ ಬಿಸುಪಿನಿಂದ ತಾನು ಹೆತ್ತ ಫಲಗಳನ್ನು, ಅಂದರೆ ತಂದೆಯ ಮುಖಚ್ಛಾಯೆ ಹೊತ್ತ ಮಕ್ಕಳನ್ನು, ನೋಡುತ್ತ ಕುಳಿತಿರುವುದಲ್ಲದೆ ಈಗ ಬೇರೇನು ಮಾಡಲಿ ಎನ್ನುತ್ತಾರೆ. ಅವನು ಮರಳಿ ಬಂದು ತನ್ನ ಎದೆಯ ಕರ್ಕಾಟಕ ರಾಶಿಯಲ್ಲಿ ಎಂದೂ ಮುಳುಗದೆ ಉರಿಯುತ್ತಿರಲಿ ಎಂದು ಹಾರೈಸುತ್ತಾರೆ. ಮಕರದಿಂದ ಕರ್ಕಾಟಕಕ್ಕೆ ಸೂರ್ಯನ ಸಂಚಾರ ಎಂದರೆ ನಡುಚಳಿಗಾಲದಿಂದ ನಡುಬೇಸಿಗೆಯತ್ತ ಪಯಣ. ವಿರಹವನ್ನು ಅಳೆಯಲು ಆಕೆ ಪಂಚಾಂಗವನ್ನೇ ಬಳಸಿದ್ದಾರೆ. ನಿನ್ನ ಮಾಂಸದ ಮಾಂಸ, ನಿನ್ನ ಎಲುಬಿನ ಎಲುಬು ಎಂಬ ಬೈಬಲಿನ ಆದಿಕಾಂಡದ ಮಾತಿನಿಂದ ಪತ್ರ ಮುಗಿಯುತ್ತದೆ. ದಾಂಪತ್ಯದೊಳಗಿನ ಬಯಕೆಗೆ ಧರ್ಮಗ್ರಂಥವೇ ಸಾಕ್ಷಿ ನಿಂತಿದ್ದುದರಿಂದ ಆಕೆಗೆ ಇಲ್ಲಿ ನಾಚಿಕೆಪಡುವ ಕಾರಣವಿರಲಿಲ್ಲ.

ಹೆರಿಗೆಗೆ ಮುಂಚೆ ಬರೆದ ಕವಿತೆಯ ವಿಶೇಷವೇನು?

ಆ ಕಾಲದಲ್ಲಿ ಪ್ರತಿ ಹೆರಿಗೆಯೂ ಸಾವಿನ ಸಾಧ್ಯತೆಯನ್ನು ಹೊತ್ತು ಬರುತ್ತಿತ್ತು. ತಾನು ಬದುಕಿ ಉಳಿಯದಿದ್ದರೆ ಎಂಬ ಯೋಚನೆಯಿಂದ ಬ್ರಾಡ್‌ಸ್ಟ್ರೀಟ್ ಗಂಡನಿಗೆ ಒಂದು ವಿದಾಯವನ್ನು ಬರೆದಿಡುತ್ತಾರೆ. ಮಾಸಿಹೋಗುವ ಈ ಲೋಕದಲ್ಲಿ ಎಲ್ಲಕ್ಕೂ ಕೊನೆಯುಂಟು ಎಂಬ ಸರ್ವಸಾಮಾನ್ಯ ಮಾತಿನಿಂದ ಶುರುವಾಗುವ ಕವಿತೆ ಬೇಗನೆ ಮನೆಯೊಳಗೆ ಇಳಿಯುತ್ತದೆ. ನನ್ನ ತಪ್ಪುಗಳು ನಿನಗೆ ಚೆನ್ನಾಗಿ ಗೊತ್ತು, ಅವನ್ನು ನನ್ನ ಗೋರಿಯಲ್ಲೇ ಹೂತುಬಿಡು. ನನ್ನಲ್ಲಿ ಒಳ್ಳೆಯದೇನಾದರೂ ಇದ್ದರೆ ನೆನಪಿಟ್ಟುಕೋ. ನನ್ನ ಪುಟ್ಟ ಮಕ್ಕಳನ್ನು ಮಲತಾಯಿಯ ಕಾಟದಿಂದ ಕಾಪಾಡು. ಈ ಕಾಗದ ಎಂದಾದರೂ ನಿನ್ನ ಕಣ್ಣಿಗೆ ಬಿದ್ದರೆ ಅದಕ್ಕೆ ಮುತ್ತಿಡು ಎಂಬ ಕೋರಿಕೆಯಲ್ಲಿ ಸ್ವರ್ಗದ ಪ್ರಸ್ತಾಪವೇ ಇಲ್ಲ. ಮರೆತುಹೋಗುವ ಭಯ, ಗಂಡ ಮತ್ತೆ ಮದುವೆಯಾಗುವನೆಂಬ ತಿಳಿವಳಿಕೆ, ಇವಷ್ಟೇ ಅಲ್ಲಿವೆ. ಆ ಹೆರಿಗೆಯಲ್ಲಿ ಆಕೆ ಬದುಕಿದರು. ಆಕೆ ತೀರಿಕೊಂಡ ಮೇಲೆ, 1676ರಲ್ಲಿ, ಸೈಮನ್ ಮರುಮದುವೆಯಾದರು.

ಮೊಮ್ಮಕ್ಕಳ ಸಾವಿನ ಕವಿತೆಗಳನ್ನು ವಿಮರ್ಶಕರು ಏಕೆ ಅಷ್ಟು ಮುಖ್ಯವೆನ್ನುತ್ತಾರೆ?

ದೇವರ ಇಚ್ಛೆಯನ್ನು ಒಪ್ಪಿಕೊಳ್ಳುವ ಮಾತು ಮತ್ತು ಒಪ್ಪಿಕೊಳ್ಳಲಾರದ ಮನಸ್ಸು ಒಂದೇ ಸಾಲಿನೊಳಗೆ ಇರುವುದು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣುವುದಿಲ್ಲ. ಹಿರಿಯ ಮಗ ಸ್ಯಾಮ್ಯುಯೆಲನ ಮೂವರು ಮಕ್ಕಳು ನಾಲ್ಕೂ ಚಿಲ್ಲರೆ ವರ್ಷಗಳಲ್ಲಿ ತೀರಿಕೊಂಡರು: 1665ರ ಆಗಸ್ಟ್‌ನಲ್ಲಿ ಒಂದೂವರೆ ವರ್ಷದ ಎಲಿಜಬೆತ್, 1669ರ ಜೂನ್‌ನಲ್ಲಿ ಮೂರು ವರ್ಷ ಏಳು ತಿಂಗಳ ಆನ್, ಅದೇ ವರ್ಷ ನವೆಂಬರ್‌ನಲ್ಲಿ ಒಂದು ತಿಂಗಳು ಒಂದು ದಿನದ ಸೈಮನ್. ಈ ವಯಸ್ಸುಗಳು ಕವಿತೆಗಳ ಶೀರ್ಷಿಕೆಯಲ್ಲೇ ಇವೆ. ಮಗು ಬದುಕಿದ್ದ ದಿನಗಳನ್ನು ಅಜ್ಜಿ ಎಣಿಸಿ ಬರೆದಿದ್ದಾರೆ.

ಎಲಿಜಬೆತ್‌ಳ ಕವಿತೆಯಲ್ಲಿ ಏಳೇಳು ಸಾಲುಗಳ ಎರಡು ಪದ್ಯಗಳಿವೆ. ಮೊದಲನೆಯದರಲ್ಲಿ ವಿದಾಯ ಮತ್ತೆ ಮತ್ತೆ ಬರುತ್ತದೆ. ನನ್ನ ಹೃದಯಕ್ಕೆ ಅತಿಯಾದ ಸಂತೋಷವಾಗಿದ್ದವಳೇ ಎಂದು ಮಗುವನ್ನು ಕರೆಯುವಾಗ, ಆ ‘ಅತಿ’ಯಲ್ಲಿ ತಪ್ಪೊಪ್ಪಿಗೆಯೂ ಇದೆ, ಮುದ್ದೂ ಇದೆ. ಕೆಲಕಾಲಕ್ಕೆ ಕಡ ಬಂದ ಹೂವು ಎಂದ ಮೇಲೆ, ನೀನು ಶಾಶ್ವತ ನೆಲೆ ಸೇರಿರುವಾಗ ನಾನೇಕೆ ಗೋಳಾಡಲಿ ಎಂಬ ನಿರೀಕ್ಷಿತ ಸಮಾಧಾನ ಬರುತ್ತದೆ. ಕವಿತೆ ಅಲ್ಲಿಗೇ ಮುಗಿದಿದ್ದರೆ ಅದು ನೂರರಲ್ಲಿ ಒಂದಾಗುತ್ತಿತ್ತು. ಎರಡನೆಯ ಪದ್ಯ ಪ್ರಕೃತಿಯ ನಿಯಮವನ್ನು ಹೇಳುತ್ತದೆ: ಮರಗಳು ಬೆಳೆದು ಮುಗಿದ ಮೇಲೆ ಕೊಳೆಯುತ್ತವೆ, ಹಣ್ಣುಗಳು ಪೂರ್ತಿ ಮಾಗಿ ಉದುರುತ್ತವೆ, ಪೈರು ಹುಲ್ಲುಗಳು ತಮ್ಮ ಕಾಲಕ್ಕೆ ಕೊಯ್ಲಾಗುತ್ತವೆ. ಆದರೆ ಈಗಷ್ಟೇ ನೆಟ್ಟ ಸಸಿಯನ್ನು ಕಿತ್ತುಹಾಕುವುದು, ಈಗಷ್ಟೇ ಬಿರಿದ ಮೊಗ್ಗಿಗೆ ಇಷ್ಟು ಕಡಿಮೆ ಆಯಸ್ಸು ಕೊಡುವುದು ಪ್ರಕೃತಿಯ ಕೆಲಸವಲ್ಲ. ಅದು ಪ್ರಕೃತಿಯನ್ನೂ ವಿಧಿಯನ್ನೂ ನಡೆಸುವ ಅವನ ಕೈಯ ಕೆಲಸ ಮಾತ್ರ. ಮತನಿಷ್ಠೆಯ ದೃಷ್ಟಿಯಿಂದ ಇದರಲ್ಲಿ ಒಂದು ಅಕ್ಷರವೂ ತಪ್ಪಿಲ್ಲ, ದೇವರ ಸರ್ವಾಧಿಕಾರವನ್ನೇ ಕವಿ ಸಾರಿದ್ದಾರೆ. ಆದರೂ ಓದಿ ಮುಗಿಸಿದಾಗ ಆ ಕೈಯ ಕಡೆಗೆ ಬೆರಳು ತೋರಿಸಿದಂತೆಯೇ ಆಗುತ್ತದೆ.

ಪುಟ್ಟ ಸೈಮನ್‌ನ ಕವಿತೆ ಇನ್ನೂ ಬಿಗಿ. ಮೂರು ಹೂಗಳನ್ನು ಸರ್ವಶಕ್ತನ ಕೈ ಕಿತ್ತಿತು, ಆದರೂ ಅವನು ಒಳ್ಳೆಯವನು ಎಂಬ ಸಾಲಿನ ನಂತರ ಎಲ್ಲರೂ ಅವನ ಮುಂದೆ ಮೂಕರಾಗೋಣ, ಏಕೆಂದು ವಾದಿಸದಿರೋಣ ಎನ್ನುತ್ತಾರೆ. ಅವನು ನ್ಯಾಯವಂತನಷ್ಟೇ ಅಲ್ಲ ದಯಾಮಯನೂ ಹೌದು ಎಂದು ಹೇಳೋಣ ಎಂಬ ಮಾತು ಬರುತ್ತದೆ. ದಯಾಮಯ ಎಂದು ಹೇಳುವುದಕ್ಕೂ ದಯಾಮಯ ಎಂದು ಹೇಳೋಣ ಎನ್ನುವುದಕ್ಕೂ ಇರುವ ಅಂತರದಲ್ಲಿ ಈ ಕವಿತೆ ನಿಂತಿದೆ. ಇದನ್ನು ಬಂಡಾಯವೆಂದು ಕರೆಯಲು ನನಗೆ ಮನಸ್ಸಿಲ್ಲ. ನಂಬಿಕೆಯನ್ನು ಬಿಡಲೊಲ್ಲದ ಒಬ್ಬ ಅಜ್ಜಿ, ಅದೇ ವರ್ಷ ಎರಡನೆಯ ಬಾರಿಗೆ ಹೇಳಬೇಕಾಗಿ ಬಂದ ಮಾತನ್ನು ಹಲ್ಲುಕಚ್ಚಿ ಹೇಳುತ್ತಿದ್ದಾರೆ ಎಂದೇ ನಾನು ಓದುತ್ತೇನೆ.

ಮನೆ ಸುಟ್ಟ ಕವಿತೆಯಲ್ಲಿ ವಸ್ತುಗಳ ಮೇಲಿನ ಮೋಹಕ್ಕೆ ಪಶ್ಚಾತ್ತಾಪವಿದೆಯೇ?

1666ರ ಜುಲೈ 10ರ ರಾತ್ರಿ ಆಂಡೋವರ್‌ನ ಮನೆಗೆ ಬೆಂಕಿ ಬಿದ್ದಿತು. ಪಶ್ಚಾತ್ತಾಪವು ಕವಿತೆಯಲ್ಲಿ ಇದೆ. ಆದರೆ ಅದು ಬರುವ ಕ್ರಮವನ್ನು ಗಮನಿಸಬೇಕು. ಉರಿಯನ್ನು ನೋಡಲಾರದಷ್ಟಾದಾಗ ಕವಿ, ಕೊಟ್ಟವನೂ ತೆಗೆದುಕೊಂಡವನೂ ಅವನೇ ಎಂದು, ಎಲ್ಲವನ್ನೂ ಕಳೆದುಕೊಂಡ ಬೈಬಲಿನ ಯೋಬನ ಮಾತಿನಲ್ಲಿ ದೇವರನ್ನು ಸ್ತುತಿಸುತ್ತಾರೆ: ಅದು ಅವನದೇ, ನನ್ನದಲ್ಲ. ತತ್ತ್ವದ ಪ್ರಕಾರ ವಿಷಯ ಇಲ್ಲಿಗೆ ತೀರ್ಮಾನವಾಯಿತು. ಆದರೆ ಕವಿತೆ ಮುಂದುವರಿದು, ಪಾಳುಬಿದ್ದ ಜಾಗದ ಪಕ್ಕದಲ್ಲಿ ಹಾದುಹೋಗುವಾಗಲೆಲ್ಲ ಕಣ್ಣು ಅತ್ತ ಹೊರಳಿದ್ದನ್ನು ಹೇಳುತ್ತದೆ. ಇಲ್ಲಿ ಟ್ರಂಕು ಇತ್ತು, ಅಲ್ಲಿ ಪೆಟ್ಟಿಗೆ ಇತ್ತು. ಈ ಸೂರಿನಡಿ ಇನ್ನು ಯಾವ ಅತಿಥಿಯೂ ಕೂರುವುದಿಲ್ಲ, ಈ ಮೇಜಿನಲ್ಲಿ ಯಾರೂ ಉಣ್ಣುವುದಿಲ್ಲ, ಹಳೆಯ ಸಂಗತಿಗಳನ್ನು ಯಾರೂ ಮೆಲುಕು ಹಾಕುವುದಿಲ್ಲ, ಮೇಣದ ಬತ್ತಿ ಬೆಳಗುವುದಿಲ್ಲ, ಮದುಮಗನ ದನಿ ಕೇಳುವುದಿಲ್ಲ. ಆಮೇಲೆಯೇ ಆಕೆ ತನ್ನ ಹೃದಯವನ್ನು ಗದರಿಸಿಕೊಂಡು, ಮೇಲಿನ ಲೋಕದಲ್ಲಿ ದೇವರೇ ಕಟ್ಟಿದ ಮನೆಯತ್ತ ಮನಸ್ಸನ್ನು ತಿರುಗಿಸುವುದು. ಲೋಕವನ್ನು ಇನ್ನು ನಾನು ಪ್ರೀತಿಸದಂತೆ ಮಾಡು ಎಂಬುದು ಕೊನೆಯ ಪ್ರಾರ್ಥನೆ. ಬೇಡಿಕೊಳ್ಳಬೇಕಾಗಿದೆ ಎಂದರೆ ಪ್ರೀತಿ ಇನ್ನೂ ಹೋಗಿಲ್ಲ ಎಂದೇ ಅರ್ಥ.

ಬ್ರಾಡ್‌ಸ್ಟ್ರೀಟ್ ಗುಟ್ಟಾಗಿ ಮತವಿರೋಧಿಯಾಗಿದ್ದರು ಎಂಬ ವಾದ ಸರಿಯೇ?

ಕವಿತೆಯಲ್ಲಿ ಜೀವವಿರುವ ಭಾಗವೆಲ್ಲ ಕವಿಯದು, ಧರ್ಮದ ಮಾತೆಲ್ಲ ಸಮಾಜದ ಒತ್ತಡದ್ದು ಎಂದು ಹಂಚಿಬಿಡುವ ಓದು ಸುಲಭ, ಆದ್ದರಿಂದಲೇ ಅನುಮಾನಾಸ್ಪದ. ದೇವರಿದ್ದಾನೆಯೇ ಎಂಬ ಸಂಶಯ ತನ್ನನ್ನು ಹಲವು ಬಾರಿ ಕಾಡಿತ್ತೆಂದು ಆಕೆಯೇ ಮಕ್ಕಳಿಗೆ ಬರೆದ ಪತ್ರದಲ್ಲಿ ಬಿಚ್ಚಿಟ್ಟಿದ್ದಾರೆ. ಅದನ್ನು ದಾಟಿದ ಬಗೆಯನ್ನೂ ಬರೆದಿದ್ದಾರೆ. ಮುಚ್ಚಿಟ್ಟುಕೊಳ್ಳುವವರು ಮಕ್ಕಳಿಗಾಗಿ ಹೀಗೆ ಬರೆದಿಡುವುದಿಲ್ಲ. ಪ್ಯೂರಿಟನ್ ಸಂಪ್ರದಾಯವೇ ಆತ್ಮಪರೀಕ್ಷೆಯನ್ನು, ಮನಸ್ಸಿನ ಕುಂದುಗಳನ್ನು ಒಂದೊಂದಾಗಿ ದಾಖಲಿಸುವುದನ್ನು ಕಲಿಸಿತ್ತು. ಆಕೆಯ ಶೋಕದ ಪ್ರಾಮಾಣಿಕತೆ ಆ ಶಿಸ್ತಿನಿಂದಲೇ ಬಂದದ್ದು.

ಹೆಂಗಸು ಎಂಬ ಕಾರಣಕ್ಕೆ ಎದುರಾದ ಅಡ್ಡಿಗಳ ಮಾತು ಬೇರೆ. ನನ್ನ ಕೈಗೆ ಲೇಖನಿಗಿಂತ ಸೂಜಿ ಒಪ್ಪುತ್ತದೆ ಎನ್ನುವ ನಾಲಿಗೆಗಳನ್ನು ಆಕೆ ಪದ್ಯದಲ್ಲೇ ಎದುರಿಸಿದ್ದಾರೆ. 1645ರಲ್ಲಿ ವಿಂತ್ರಾಪ್ ತಮ್ಮ ದಿನಚರಿಯಲ್ಲಿ, ಕನೆಕ್ಟಿಕಟ್ ವಸಾಹತಿನ ಗವರ್ನರರ ಪತ್ನಿ ಅತಿಯಾಗಿ ಓದಿ ಬರೆದು ಬುದ್ಧಿ ಕಳೆದುಕೊಂಡಳೆಂದು ಬರೆದರು. ಮನೆಗೆಲಸ ನೋಡಿಕೊಂಡಿದ್ದರೆ ಹೀಗಾಗುತ್ತಿರಲಿಲ್ಲವೆಂದು ಅವರ ಅಭಿಪ್ರಾಯ. ಅಂಥ ಊರುಗಳಲ್ಲಿ ಕುಳಿತು ಬ್ರಾಡ್‌ಸ್ಟ್ರೀಟ್ ಬರೆದರು.

ಎಡ್ವರ್ಡ್ ಟೇಲರ್ ಅವರ ದೈವಪ್ರೇಮದ ಕವಿತೆಗಳ ಸ್ವರೂಪವೇನು?

ಸುಮಾರು 1642ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ ಹುಟ್ಟಿ 1668ರಲ್ಲಿ ವಲಸೆ ಬಂದ ಟೇಲರ್, 1671ರಲ್ಲಿ ಹಾರ್ವರ್ಡ್ ಪದವಿ ಪಡೆದು, ಮ್ಯಾಸಚೂಸೆಟ್ಸಿನ ಪಶ್ಚಿಮದ ಗಡಿಯೂರಾಗಿದ್ದ ವೆಸ್ಟ್‌ಫೀಲ್ಡ್‌ಗೆ ಹೋದರು. ಅಲ್ಲಿ ಪಾದ್ರಿಯಾಗಿಯೂ ವೈದ್ಯರಾಗಿಯೂ ದುಡಿದು 1729ರಲ್ಲಿ ನಿಧನರಾದರು. 1682ರಿಂದ 1725ರವರೆಗೆ, ಕ್ರಿಸ್ತನ ಕೊನೆಯ ಊಟದ ನೆನಪಿಗೆ ರೊಟ್ಟಿ ಮತ್ತು ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭು ಭೋಜನದ ಪವಿತ್ರ ವಿಧಿಗೆ ಮನಸ್ಸನ್ನು ಅಣಿಗೊಳಿಸಿಕೊಳ್ಳಲು ಅವರು ಇನ್ನೂರಕ್ಕೂ ಹೆಚ್ಚು ಧ್ಯಾನಪದ್ಯಗಳನ್ನು ತಮಗಾಗಿ ಮಾತ್ರ ಬರೆದುಕೊಂಡರು.

ಬ್ರಾಡ್‌ಸ್ಟ್ರೀಟ್ ಅವರ ಅಳಲು ಲೋಕದ ಮೇಲೆ ಪ್ರೀತಿ ಹೆಚ್ಚಾಯಿತೆಂಬುದಾದರೆ, ಟೇಲರ್ ಅವರ ಅಳಲು ದೇವರ ಮೇಲೆ ಪ್ರೀತಿ ಸಾಲದೆಂಬುದು. ಮೊದಲ ಧ್ಯಾನಪದ್ಯವೇ ದೇವರ ಅಪಾರ ಪ್ರೀತಿಯ ಮುಂದೆ ಬೆರಗಾಗಿ ಆರಂಭವಾಗುತ್ತದೆ. ಆ ಪ್ರೀತಿ ಸ್ವರ್ಗವನ್ನು ತುಂಬಿ ಹೊರಚೆಲ್ಲಿದೆ ಎಂದ ಕವಿ ತನ್ನ ಎದೆಯನ್ನು ನೋಡಿಕೊಂಡಾಗ ಕಾಣುವುದು ಇಕ್ಕಟ್ಟಾದ ಎದೆ, ಜೀವವಿಲ್ಲದ ಕಿಡಿ, ಉರಿಯಿಲ್ಲದ ಜ್ವಾಲೆ, ಅಳತೆಯಲ್ಲಿ ಕಿರಿದೂ ಸ್ಪರ್ಶಕ್ಕೆ ತಣ್ಣಗೂ ಇರುವ ಪ್ರೀತಿ. ಪ್ರಭುವೇ, ಈ ಕೆಂಡವನ್ನು ಊದು ಎಂದು ಬೇಡುತ್ತಾರೆ. ಪ್ಯೂರಿಟನ್ನರು ಭಾವನೆಯನ್ನು ಹತ್ತಿಕ್ಕಿದವರು ಎಂದು ನಂಬಿರುವವರು ಈ ಸಾಲುಗಳನ್ನು ಓದಬೇಕು. ಇಲ್ಲಿ ಭಾವನೆಯ ಕೊರತೆಯೇ ಪಾಪದ ಲಕ್ಷಣ. ತಣ್ಣಗಿರುವ ಹೃದಯವೇ ಭಯದ ಕಾರಣ. ವಯಸ್ಸಾದಂತೆ ಅವರು ಪರಮಗೀತೆಯ ಸಾಲುಗಳನ್ನು ಹಿಡಿದು ಒಂದರ ಹಿಂದೊಂದು ಧ್ಯಾನಪದ್ಯ ಬರೆದರು. ಅಲ್ಲಿ ಆತ್ಮವು ವಧು, ಕ್ರಿಸ್ತನು ವರ. ನೂಲುವ ರಾಟೆ, ಮಗ್ಗ, ಬಟ್ಟೆಗೆ ಬಣ್ಣ ಹಾಕುವ ಕೆಲಸ ಇವೆಲ್ಲ ಅವರ ಇನ್ನೊಂದು ಕವಿತೆಯಲ್ಲಿ ದೇವರಿಗೆ ಒಪ್ಪಿಸಿಕೊಳ್ಳುವ ಬಗೆಗಳಾಗುತ್ತವೆ.

ಟೇಲರ್ ತಮ್ಮ ಸಂಸಾರದ ಬಗ್ಗೆ ಬರೆದಿದ್ದಾರೆಯೇ?

ಬರೆದಿದ್ದಾರೆ; ಅವರ ಅತ್ಯುತ್ತಮ ಕವಿತೆಗಳಲ್ಲಿ ಒಂದು ಅದೇ ವಿಷಯದ್ದು. ಎಲಿಜಬೆತ್ ಫಿಚ್ ಅವರಿಂದ ಟೇಲರ್‌ಗೆ ಎಂಟು ಮಕ್ಕಳಾದರು, ಐವರು ಶೈಶವದಲ್ಲೇ ತೀರಿಕೊಂಡರು. ಮದುವೆ ಮತ್ತು ಮಕ್ಕಳ ಸಾವನ್ನು ಕುರಿತ ಕವಿತೆಯಲ್ಲಿ ದಾಂಪತ್ಯವು ದೇವರು ಸ್ವರ್ಗೋದ್ಯಾನದಲ್ಲಿ ರಚಿಸಿದ ಹೂಪಾತಿ, ಮಕ್ಕಳು ಅದರಲ್ಲಿ ಅರಳಿದ ಹೂಗಳು. ಮೊದಲ ಮಗಳನ್ನು ದೇವರು ಕಿತ್ತುಕೊಂಡಾಗ ತಂದೆ ಸುಧಾರಿಸಿಕೊಳ್ಳುತ್ತಾರೆ. ಇನ್ನೊಂದು ಹೆಣ್ಣುಮಗುವಿನ ಸರದಿ ಬಂದಾಗ ಹೂವಿನ ರೂಪಕ ತಟ್ಟನೆ ಬಿರುಕು ಬಿಡುತ್ತದೆ: ಸಂಕಟ, ವಾಂತಿ, ಚೀರಾಟ, ನರಳಾಟ, ಆರು ವಾರಗಳ ಜ್ವರ, ಕಲ್ಲಿನಂಥ ಎದೆಯನ್ನೂ ಇರಿಯುವಂಥದು ಎಂಬ ಒರಟು ಪಟ್ಟಿ ಒಳನುಗ್ಗುತ್ತದೆ. ಕಾಯಿಲೆಯ ಮಗುವಿನ ಪಕ್ಕದಲ್ಲಿ ಕುಳಿತವರಿಗೆ ಮಾತ್ರ ಹೊಳೆಯುವ ಪಟ್ಟಿ ಇದು. ದುಃಖ ಉಕ್ಕಿ ಹರಿಯುತ್ತದೆ, ನಿನ್ನ ಇಚ್ಛೆಯೇ ನನ್ನ ಸಂತೋಷವಲ್ಲದಿದ್ದರೆ ನನ್ನ ಸ್ವಭಾವವು ನಿನ್ನಲ್ಲಿ ತಪ್ಪು ಹುಡುಕುತ್ತಿತ್ತು ಎಂದು ದೇವರಿಗೆ ನೇರವಾಗಿ ಹೇಳಿ, ಮಕ್ಕಳ ಮೂಲಕ ನಾನೇ ತುಣುಕು ತುಣುಕಾಗಿ ಸ್ವರ್ಗ ಸೇರುತ್ತಿದ್ದೇನೆ ಎಂದು ಮುಗಿಸುತ್ತಾರೆ. 1689ರಲ್ಲಿ ಪತ್ನಿ ತೀರಿಕೊಂಡಾಗ ಬರೆದ ಶೋಕಗೀತೆ ಇದರಷ್ಟು ಗಟ್ಟಿಯಲ್ಲ.

ಪ್ರೀತಿಗೆ ಕಾವ್ಯದಲ್ಲಿ ಸ್ಥಳವೇ ಇಲ್ಲದ ಕಡೆಯೂ ಉಂಟೇ?

ಉಂಟು. ಮಾಲ್ಡನ್ ಊರಿನ ಪಾದ್ರಿ ಮೈಕಲ್ ವಿಗಲ್ಸ್‌ವರ್ತ್ 1662ರಲ್ಲಿ ಪ್ರಕಟಿಸಿದ ಅಂತಿಮ ತೀರ್ಪಿನ ದಿನದ ಕಾವ್ಯವು 224 ಪದ್ಯಗಳದ್ದು. ಮೊದಲ ಮುದ್ರಣದ 1,800 ಪ್ರತಿಗಳು ಸುಮಾರು ಒಂದು ವರ್ಷದಲ್ಲೇ ಮುಗಿದವು. ಆ ಕಾಲದ ವಸಾಹತಿನಲ್ಲಿ ಇದಕ್ಕಿಂತ ಜನಪ್ರಿಯ ಕಾವ್ಯವಿರಲಿಲ್ಲ. ಅದರಲ್ಲಿ ತೀರ್ಪು ಹೊರಬಿದ್ದ ಕ್ಷಣದಿಂದ ರಕ್ತಸಂಬಂಧಗಳು ರದ್ದಾಗುತ್ತವೆ. ಕ್ರಿಸ್ತನ ಬಲಗಡೆ ನಿಂತ ಮಕ್ಕಳನ್ನಷ್ಟೇ ತಾಯಿ ತನ್ನವರೆನ್ನುತ್ತಾಳೆ. ದೈವಭಕ್ತ ತಂದೆ ದಾರಿತಪ್ಪಿದ ಮಗ ನರಕದಲ್ಲಿರುವುದನ್ನೇ ಬಯಸುತ್ತಾನೆ. ಹುಟ್ಟಿದೊಡನೆ ಸತ್ತ, ಆಯ್ಕೆಯಾಗದ ಶಿಶುಗಳು ವಾದಿಸಿದಾಗ ಅವಕ್ಕೆ ನರಕದಲ್ಲೇ ಅತ್ಯಂತ ಸುಲಭವಾದ ಕೋಣೆ ದೊರೆಯುತ್ತದೆ. ಬ್ರಾಡ್‌ಸ್ಟ್ರೀಟ್ ಮೊಮ್ಮಕ್ಕಳಿಗಾಗಿ ಬರೆಯುತ್ತಿದ್ದಾಗ ಅಕ್ಕಪಕ್ಕದ ಮನೆಗಳಲ್ಲಿ ಓದುತ್ತಿದ್ದುದು ಈ ಕಾವ್ಯವನ್ನು ಎಂಬುದನ್ನು ನೆನಪಿಟ್ಟರೆ, ಮಗು ಶಾಶ್ವತ ನೆಲೆ ಸೇರಿದೆ ಎಂಬ ಆಕೆಯ ಸಾಲು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡ ಭರವಸೆ ಎಂಬುದು ತಿಳಿಯುತ್ತದೆ.

ಸಾರ್ವಜನಿಕ ಶೋಕಗೀತೆಗಳು ಹೇಗಿದ್ದವು?

ಹೆಚ್ಚಿನವು ಸಿದ್ಧ ಅಚ್ಚಿನವು. ಪಾದ್ರಿಯೋ ಅಧಿಕಾರಿಯೋ ಸತ್ತರೆ ಅವರ ಹೆಸರಿನ ಅಕ್ಷರಗಳನ್ನು ಪಲ್ಲಟಿಸಿ ಹೊಸ ಅರ್ಥ ಹೊರಡಿಸುವುದು, ಗುಣಗಳನ್ನು ಪಟ್ಟಿ ಮಾಡುವುದು, ಊರಿಗಾದ ನಷ್ಟವನ್ನು ದೇವರ ಎಚ್ಚರಿಕೆಯೆಂದು ವಿವರಿಸುವುದು ರೂಢಿ. ಇವುಗಳ ಏಕತಾನತೆ ಎಷ್ಟಿತ್ತೆಂದರೆ 1722ರಲ್ಲಿ ಹದಿನಾರರ ಹುಡುಗ ಬೆಂಜಮಿನ್ ಫ್ರಾಂಕ್ಲಿನ್ ಬಾಸ್ಟನ್ನಿನ ಪತ್ರಿಕೆಯಲ್ಲಿ ನ್ಯೂ ಇಂಗ್ಲೆಂಡ್ ಶೋಕಗೀತೆ ತಯಾರಿಸುವ ಪಾಕವಿಧಾನವನ್ನೇ ಬರೆದು ಅಣಕಿಸಿದರು.

ಗಂಡಸರು ಬರೆದ ಪ್ರೇಮಕವಿತೆಗಳಿವೆಯೇ?

ಬಾಸ್ಟನ್ನಿನ ವ್ಯಾಪಾರಿ ಮತ್ತು ನ್ಯಾಯಾಧೀಶ ಜಾನ್ ಸ್ಯಾಫಿನ್ ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟ ಒಂದು ಪುಟ್ಟ ಪದ್ಯ ಬಹಳ ಸೊಗಸಾದದ್ದು. ನಲ್ಲೆ ನಿದ್ರಿಸುತ್ತಿರುವಾಗ ಆತ ಹೊರಡಬೇಕಾಗಿದೆ. ಎಬ್ಬಿಸಬೇಕೆಂದು ಮನಸ್ಸಾಗುತ್ತದೆ, ಬೇಡ, ಹಾಗೆಯೇ ಸಿಹಿಯಾಗಿ ಮಲಗಿರಲಿ ಎಂದು ಪ್ರೀತಿಯೇ ತಡೆಯುತ್ತದೆ. ಇದೇ ಸ್ಯಾಫಿನ್, ಗುಲಾಮಗಿರಿಯನ್ನು ಖಂಡಿಸಿ ಬಾಸ್ಟನ್ನಿನ ಮತ್ತೊಬ್ಬ ನ್ಯಾಯಾಧೀಶ ಸ್ಯಾಮ್ಯುಯೆಲ್ ಸೀವಲ್ 1700ರಲ್ಲಿ ಪ್ರಕಟಿಸಿದ ಕರಪತ್ರಕ್ಕೆ 1701ರಲ್ಲಿ ಉತ್ತರವಾಗಿ ಗುಲಾಮಗಿರಿಯನ್ನು ಸಮರ್ಥಿಸಿ ಬರೆದರು. ಆಡಮ್ ಎಂಬ ಕಪ್ಪು ಮನುಷ್ಯನಿಗೆ ತಾವು ಮಾತು ಕೊಟ್ಟಿದ್ದ ಬಿಡುಗಡೆಯನ್ನು ನಿರಾಕರಿಸಿದ್ದರು. ಆಫ್ರಿಕನ್ನರನ್ನು ಹೀನಾಯವಾಗಿ ಹಳಿಯುವ ಪದ್ಯವನ್ನೂ ಆ ಬರಹದಲ್ಲಿ ಸೇರಿಸಿದರು. ಪ್ರೇಮಪದ್ಯವನ್ನು ಓದುವಾಗ ಈ ಇನ್ನೊಂದು ಪದ್ಯವನ್ನು ಬದಿಗಿಡುವುದು ಅಪ್ರಾಮಾಣಿಕ. ಈ ಕಾವ್ಯದ ಪ್ರೀತಿ ಯಾರನ್ನು ಒಳಗೊಂಡಿತು, ಯಾರನ್ನು ಹೊರಗಿಟ್ಟಿತು ಎಂಬುದೂ ಅದರ ಇತಿಹಾಸದ ಭಾಗವೇ.

ಇಷ್ಟು ಖಾಸಗಿಯಾದ ಕವಿತೆಗಳು ನಮ್ಮವರೆಗೆ ಹೇಗೆ ಬಂದವು?

ಬ್ರಾಡ್‌ಸ್ಟ್ರೀಟ್ ಅವರ ಕೌಟುಂಬಿಕ ಕವಿತೆಗಳಲ್ಲಿ ಹಲವು ಆಕೆಯ ಮರಣಾನಂತರ 1678ರಲ್ಲಿ ಬಾಸ್ಟನ್ನಿನಲ್ಲಿ ಹೊರಬಂದ ಸಂಪುಟದಲ್ಲಿ ಸೇರಿದವು. ಮನೆ ಸುಟ್ಟ ಕವಿತೆ ಅದರಲ್ಲೂ ಇರಲಿಲ್ಲ. ಅದು ಕುಟುಂಬದವರ ಹಸ್ತಪ್ರತಿಯಲ್ಲಿ ಉಳಿದು, 1867ರ ಸಮಗ್ರ ಆವೃತ್ತಿಯ ಮೂಲಕ ಓದುಗರಿಗೆ ದೊರೆಯಿತು. ಟೇಲರ್ ಅವರ ಹಸ್ತಪ್ರತಿಗಳು ಯೇಲ್ ಕಾಲೇಜಿನ ಅಧ್ಯಕ್ಷರಾಗಿದ್ದ ಮೊಮ್ಮಗ ಎಜ್ರಾ ಸ್ಟೈಲ್ಸ್ ಮೂಲಕ ಆ ಗ್ರಂಥಾಲಯ ಸೇರಿದ್ದವು. 1930ರ ದಶಕದಲ್ಲಿ ವಿದ್ವಾಂಸ ಥಾಮಸ್ ಎಚ್. ಜಾನ್ಸನ್ ಅವನ್ನು ಬೆಳಕಿಗೆ ತಂದು 1939ರಲ್ಲಿ ಆಯ್ದ ಕವಿತೆಗಳ ಸಂಪುಟ ಪ್ರಕಟಿಸಿದರು. ಕವಿ ತೀರಿಕೊಂಡು ಆಗ ಇನ್ನೂರ ಹತ್ತು ವರ್ಷಗಳಾಗಿದ್ದವು.

ಹೊಸ ಓದುಗರು ಎಲ್ಲಿಂದ ಆರಂಭಿಸಬೇಕು?

ಗಂಡನಿಗೆ ಬರೆದ ಹನ್ನೆರಡು ಸಾಲಿನ ಕವಿತೆಯನ್ನು ಬಿಟ್ಟು, ಮೊಮ್ಮಗಳು ಎಲಿಜಬೆತ್‌ಳ ಕವಿತೆಯಿಂದಲೇ ಆರಂಭಿಸಿ ಎಂಬುದು ನನ್ನ ಸಲಹೆ. ಹದಿನಾಲ್ಕು ಸಾಲುಗಳನ್ನು ಗಟ್ಟಿಯಾಗಿ ಓದಿ, ಎರಡನೆಯ ಪದ್ಯದಲ್ಲಿ ‘ಆದರೆ’ ಬರುವ ಜಾಗದಲ್ಲಿ ನಿಲ್ಲಿ. ಅನಂತರ ಟೇಲರ್ ಅವರ ಮದುವೆ ಮತ್ತು ಮಕ್ಕಳ ಸಾವಿನ ಕವಿತೆ, ಆಮೇಲೆ ಮನೆ ಸುಟ್ಟ ಕವಿತೆ. ಇವು ಮನಸ್ಸಿಗೆ ಹತ್ತಿದ ಮೇಲೆ ಪದ್ಯಪತ್ರಗಳಿಗೂ ಧ್ಯಾನಪದ್ಯಗಳಿಗೂ ಹೋಗಬಹುದು. ಟೇಲರ್ ಅವರ ಧ್ಯಾನಪದ್ಯಗಳನ್ನು ಸಾಲಾಗಿ ಓದುವುದು ಬೇಡ; ಅವು ಒಂದೊಂದು ಸಂದರ್ಭಕ್ಕೆ ಒಂದೊಂದರಂತೆ ನಲವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಬರೆದವು, ದಿನಕ್ಕೆ ಒಂದಕ್ಕಿಂತ ಹೆಚ್ಚು ಓದಿದರೆ ರೂಪಕಗಳ ದಟ್ಟಣೆಯಲ್ಲಿ ಸ್ವಾದವೇ ಸಿಗುವುದಿಲ್ಲ. ಪಕ್ಕದಲ್ಲಿ ಬೈಬಲಿನ ಪರಮಗೀತೆ, ಯೋಬನ ಗ್ರಂಥ ಮತ್ತು ಕೀರ್ತನೆಗಳ ಕನ್ನಡ ಅನುವಾದ ಇದ್ದರೆ, ಕವಿಗಳು ಹೆಸರಿಸದೆ ಎತ್ತಿಕೊಂಡ ಎಷ್ಟೋ ಮಾತುಗಳು ತಾವಾಗಿಯೇ ಗುರುತು ಸಿಗುತ್ತವೆ.